ಮೂಗಿಗಿಂತ ಮೂಗುತಿ ಭಾರವೇ?

ಮುಖಗವಸು ಕಟ್ಟಿಕೊಂಡು ಓಡಿದರೆ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತದೆಯೇ? ಬಿಟ್ಟ ಉಸಿರೇ ವಿಷವಾಗಿ ಮರಳಿ ಒಳಗೆ ಹೋಗುತ್ತದೆಯೇ? ಇಲ್ಲಿದೆ ಉಸಿರಿನ ಲೆಕ್ಕಾಚಾರ.

2017ರ ಡಿಸೆಂಬರ್ 3. ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಭಾರತ ಮತ್ತು ಶ್ರೀಲಂಕಾ ನಡುವಣ ಟೆಸ್ಟ್ ಪಂದ್ಯದ ಎರಡನೆಯ ದಿನ. ಊಟದ ವಿರಾಮ ಮುಗಿಸಿ ಬಂದ ಶ್ರೀಲಂಕಾದ ಆಟಗಾರರನ್ನು ಕಂಡು ಪ್ರೇಕ್ಷಕರು ಕಣ್ಣುಜ್ಜಿಕೊಂಡರು. ಹಲವರ ಮೂಗು ಬಾಯಿಗಳ ಮೇಲೆ ಬಿಳಿಯ ಮುಖಗವಸು! ವೇಗದ ಬೌಲರುಗಳಾದ ಲಾಹಿರು ಗಾಮಗೆ ಮತ್ತು ಸುರಂಗ ಲಕ್ಮಲ್ ಒಬ್ಬರ ಹಿಂದೊಬ್ಬರು ಮೈದಾನ ಬಿಟ್ಟು ಹೊರನಡೆದರು. ಆಟ ಮತ್ತೆ ಮತ್ತೆ ನಿಂತಿತು. ಕೊನೆಗೆ ನಾಯಕ ವಿರಾಟ್ ಕೊಹ್ಲಿ 7 ವಿಕೆಟ್‌ಗೆ 536 ರನ್ ಇದ್ದಾಗ ಸಾಕೆಂದು ಡಿಕ್ಲೇರ್ ಮಾಡಿಬಿಟ್ಟರು. ಟೆಸ್ಟ್ ಕ್ರಿಕೆಟ್ಟಿನಲ್ಲಿ ದಿಲ್ಲಿಯ ಹೊಗೆಯೂ ಒಂದು ವಿಕೆಟ್ ಪಡೆದಂತಾಯಿತು.

ಅದಕ್ಕೆ ಎರಡು ವಾರ ಮೊದಲು, ನವೆಂಬರ್ 19ರಂದು, ಅದೇ ನಗರದಲ್ಲಿ ಅರ್ಧ ಮ್ಯಾರಥಾನ್ ಓಟ ನಡೆದಿತ್ತು. ಇಂಥ ಗಾಳಿಯಲ್ಲಿ ಓಡುವುದು ಆರೋಗ್ಯಕ್ಕೆ ಅಪಾಯ, ಓಟವನ್ನು ಮುಂದೂಡಿ ಎಂದು ಭಾರತೀಯ ವೈದ್ಯಕೀಯ ಸಂಘ ಕೇಳಿಕೊಂಡಿತ್ತು. ಓಟ ನಿಲ್ಲಲಿಲ್ಲ. ಓಡಿದವರಲ್ಲಿ ಕೆಲವರು ಮುಖಗವಸು ತೊಟ್ಟೇ ಓಡಿದರು.

ಆಗ ಅದೊಂದು ವಿಚಿತ್ರ ಸುದ್ದಿ. ಮೂರು ವರ್ಷ ಕಳೆಯುವಷ್ಟರಲ್ಲಿ ಇಡೀ ಜಗತ್ತೇ ಮೂಗು ಮುಚ್ಚಿಕೊಂಡು ಓಡಾಡುವಂತಾಯಿತು. 2020ರ ಕೋವಿಡ್ ಕಾಲದಲ್ಲಿ ಉದ್ಯಾನಗಳಲ್ಲಿ ಬೆಳಗಿನ ಓಟಕ್ಕೆ ಹೊರಟವರೆಲ್ಲರಿಗೂ ಒಂದೇ ಪ್ರಶ್ನೆ: ಇದನ್ನು ಕಟ್ಟಿಕೊಂಡು ಓಡಬಹುದೇ? ಕಟ್ಟಿಕೊಂಡರೆ ಸಾಯುತ್ತೇವೆ ಎಂದವರಿದ್ದರು. ಕಟ್ಟಿಕೊಳ್ಳದಿದ್ದರೆ ಸಾಯುತ್ತೇವೆ ಎಂದವರೂ ಇದ್ದರು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡಿನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಮುಖಗವಸಿನ ಪ್ರಶ್ನೆ ಮುಗಿದಿಲ್ಲ. ದೂಳು, ಹೊಗೆಗಳಿಗೆ ಅಂಜಿ ಇಂದಿಗೂ ನಗರಗಳಲ್ಲಿ ಅದನ್ನು ತೊಟ್ಟು ಓಡುವವರಿದ್ದಾರೆ. ಆದ್ದರಿಂದ ಗಾಬರಿ, ಗದ್ದಲ ಎರಡೂ ಇಳಿದಿರುವ ಈ ಹೊತ್ತಿನಲ್ಲಿ ಸಮಾಧಾನವಾಗಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಉಸಿರಿನ ಜಮಾ-ಖರ್ಚು

ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಸುಮಾರು 12 ಸಲ ಉಸಿರಾಡುತ್ತೇವೆ. ಪ್ರತಿ ಸಲವೂ ಒಳಗೆ ಹೋಗುವ ಗಾಳಿ ಸುಮಾರು 500 ಮಿಲಿಲೀಟರ್. ಅಂದರೆ ನಿಮಿಷಕ್ಕೆ 6 ಲೀಟರ್. ಆದರೆ ಇದಿಷ್ಟೂ ರಕ್ತಕ್ಕೆ ದಕ್ಕುವುದಿಲ್ಲ. ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಉಳಿಯುವ ಸುಮಾರು 150 ಮಿಲಿಲೀಟರ್ ಗಾಳಿ ಶ್ವಾಸಕೋಶದ ವಾಯುಕೋಶಗಳನ್ನು ಮುಟ್ಟದೆಯೇ ಹಿಂತಿರುಗುತ್ತದೆ. ಮನೆಯ ಹೊಸ್ತಿಲವರೆಗೆ ಬಂದು ಒಳಗೆ ಬಾರದೆ ಹೋಗುವ ನೆಂಟನಂತೆ! ಶರೀರಶಾಸ್ತ್ರಜ್ಞರು ಈ ಭಾಗವನ್ನು ‘ಸತ್ತ ಜಾಗ’ ಎನ್ನುತ್ತಾರೆ.

ಮುಖಗವಸು ಕಟ್ಟಿದರೆ ಈ ಸತ್ತ ಜಾಗ ಸ್ವಲ್ಪ ಹೆಚ್ಚುತ್ತದೆ. ಬಟ್ಟೆಗೂ ಮುಖಕ್ಕೂ ನಡುವೆ 100 ಮಿಲಿಲೀಟರಿನಷ್ಟು ಜಾಗ ಇದೆಯೆಂದು ಹಿಡಿಯೋಣ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 21, ಇಂಗಾಲದ ಡೈ ಆಕ್ಸೈಡ್ ಕೇವಲ ಶೇಕಡಾ 0.04. ನಾವು ಬಿಟ್ಟ ಉಸಿರಿನಲ್ಲಿ ಆಮ್ಲಜನಕ ಶೇಕಡಾ 16ಕ್ಕೆ ಇಳಿದಿರುತ್ತದೆ, ಇಂಗಾಲದ ಡೈ ಆಕ್ಸೈಡ್ ಶೇಕಡಾ 4ಕ್ಕೆ ಏರಿರುತ್ತದೆ. ಮುಂದಿನ ಉಸಿರೆಳೆದಾಗ ಮೊದಲು ಒಳಕ್ಕೆ ಹೋಗುವುದು ಗವಸಿನೊಳಗೆ ನಿಂತಿದ್ದ ಈ ಹಳಸಲು ಗಾಳಿಯೇ. ಭಯಪಡುವವರ ಮಾತಿನಲ್ಲಿ ಇಷ್ಟರಮಟ್ಟಿಗೆ ನಿಜವಿದೆ.

ಆದರೆ ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಓಡುವಾಗ ಉಸಿರು ಬರೀ ವೇಗವಾಗುವುದಲ್ಲ, ಆಳವೂ ಆಗುತ್ತದೆ. ಜೋರಾಗಿ ಓಡುವವನು ಒಂದು ಸಲಕ್ಕೆ ಎರಡು ಎರಡೂವರೆ ಲೀಟರ್ ಎಳೆದುಕೊಳ್ಳುತ್ತಾನೆ. ಎರಡೂವರೆ ಲೀಟರಿನಲ್ಲಿ 100 ಮಿಲಿಲೀಟರ್ ಎಂದರೆ ಶೇಕಡಾ 4 ಮಾತ್ರ. ಕುಳಿತವನಿಗೆ ಅದೇ 100 ಮಿಲಿಲೀಟರ್ ಐದರಲ್ಲೊಂದು ಪಾಲು. ಅಂದರೆ ಹಳಸಲು ಗಾಳಿಯ ತೊಂದರೆ ಓಡುವಾಗ ಪ್ರಮಾಣದಲ್ಲಿ ಹೆಚ್ಚುವ ಬದಲು ಕಡಿಮೆಯೇ ಆಗುತ್ತದೆ! ಇನ್ನು ಕುಳಿತವನ ಕಥೆ? ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ತುಸು ಏರಿದರೂ ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಒಡನೆಯೇ ಎಚ್ಚೆತ್ತು ಉಸಿರನ್ನು ತುಸು ಆಳವಾಗಿಸುತ್ತದೆ. ಲೆಕ್ಕ ಸರಿಹೋಗುತ್ತದೆ. ನಮಗೆ ಅದು ಗೊತ್ತೂ ಆಗುವುದಿಲ್ಲ.

ಜರಡಿಯಲ್ಲ, ಜೇಡರ ಬಲೆ

‘ವೈರಸ್ಸನ್ನೇ ತಡೆಯುವ ಬಟ್ಟೆ ಗಾಳಿಯನ್ನು ಬಿಡುತ್ತದೆಯೇ?’ ಎಂಬುದು ಇನ್ನೊಂದು ಸಂಶಯ. ಸೊಳ್ಳೆಪರದೆ ಸೊಳ್ಳೆಯನ್ನು ತಡೆಯುತ್ತದೆ, ಗಾಳಿಯನ್ನಲ್ಲ. ಕೊರೋನಾ ವೈರಸ್ಸಿನ ಅಡ್ಡಗಲ ಸುಮಾರು 0.1 ಮೈಕ್ರಾನ್. ಆಮ್ಲಜನಕದ ಅಥವಾ ಇಂಗಾಲದ ಡೈ ಆಕ್ಸೈಡಿನ ಅಣು ಅದರ ಮುನ್ನೂರನೆಯ ಒಂದು ಭಾಗದಷ್ಟು. ಗವಸಿನ ಎಳೆಗಳ ನಡುವಿನ ಕಂಡಿಗಳಾದರೋ ವೈರಸ್ಸಿಗಿಂತಲೂ ಎಷ್ಟೋ ಪಾಲು ದೊಡ್ಡವು.

ಹಾಗಾದರೆ ಸಣ್ಣ ಕಣಗಳು ಸಿಕ್ಕಿಬೀಳುವುದು ಹೇಗೆ? ಮುಖಗವಸು ಕೆಲಸ ಮಾಡುವುದು ಹಿಟ್ಟಿನ ಜರಡಿಯಂತಲ್ಲ, ಪದರ ಪದರವಾಗಿ ಕಟ್ಟಿದ ಜೇಡರ ಬಲೆಯಂತೆ. ಎಳೆಗಳ ನಡುವೆ ಅಂಕುಡೊಂಕಾಗಿ ಸಾಗುವ ಕಣ ಎಲ್ಲಿಯೋ ಒಂದು ಕಡೆ ಎಳೆಗೆ ತಗಲಿ ಅಲ್ಲೇ ಅಂಟುತ್ತದೆ. ಎನ್-95 ಗವಸಿನಲ್ಲಿ ಈ ಎಳೆಗಳಿಗೆ ವಿದ್ಯುದಾವೇಶವನ್ನೂ ಕೊಟ್ಟಿರುತ್ತಾರೆ. ಒಣತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನು ಶಾಲೆಯಲ್ಲಿ ನೋಡಿದ್ದೀರಲ್ಲ, ಅದೇ ತತ್ತ್ವ. ಹೀಗಾಗಿಯೇ ಹಿಡಿಯಲು ಬಲು ಕಷ್ಟವಾದ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿಯೂ ನೂರಕ್ಕೆ 95ನ್ನಾದರೂ ಅದು ಹಿಡಿಯುತ್ತದೆ. ಅದರ ಹೆಸರಿನಲ್ಲಿರುವ 95ರ ಅರ್ಥ ಇದೇ. ಇದನ್ನು ಸೋಪು ಹಾಕಿ ಒಗೆದರೆ ವಿದ್ಯುದಾವೇಶ ಹೋಗಿ, ಉಳಿಯುವುದು ಬರೀ ಬಟ್ಟೆ.

ಅಸಲಿ ತೊಂದರೆ ಎಲ್ಲಿ?

ಹಾಗಿದ್ದರೆ ಮುಖಗವಸು ಕಟ್ಟಿ ಓಡಿದವರಿಗೆಲ್ಲ ಏದುಸಿರು ಬರುವುದೇಕೆ? ಅವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ತೊಂದರೆಯ ಮೂಲ ಬೇರೆಡೆ ಇದೆ.

ಎಳನೀರನ್ನು ಸ್ಟ್ರಾ ಹಾಕಿ ನಿಧಾನವಾಗಿ ಹೀರಿ ನೋಡಿ. ಆಯಾಸವೇ ಇಲ್ಲ. ಒಂದೇ ಗುಟುಕಿಗೆ ಅಷ್ಟನ್ನೂ ಹೀರುತ್ತೇನೆಂದು ಹೊರಡಿ, ಕೆನ್ನೆ ಒಳಕ್ಕೆ ಹೋಗಿ ದವಡೆ ನೋಯುತ್ತದೆ. ಹರಿವು ಹೆಚ್ಚಿದಷ್ಟೂ ಎಳೆಯಬೇಕಾದ ಒತ್ತಡ ಹೆಚ್ಚು. ಕುಳಿತಾಗ ನಿಮಿಷಕ್ಕೆ 6 ಲೀಟರ್ ಸಾಕಾಗಿದ್ದ ಗಾಳಿ, ಜೋರು ಓಟದಲ್ಲಿ ನಿಮಿಷಕ್ಕೆ 100 ಲೀಟರನ್ನೂ ಮೀರುತ್ತದೆ. ಅದರಲ್ಲಿಯೂ ಅರ್ಧ ಹೊತ್ತು ಉಸಿರು ಬಿಡುವುದಕ್ಕೇ ಹೋಗುವುದರಿಂದ, ಒಳಕ್ಕೆಳೆಯುವ ಉತ್ಕಟ ಕ್ಷಣದಲ್ಲಿ ಗಾಳಿಯ ವೇಗ ಇದರ ಸುಮಾರು ಮೂರು ಪಟ್ಟು. ಎನ್-95 ಗವಸುಗಳನ್ನು ಅಮೆರಿಕದಲ್ಲಿ ಪರೀಕ್ಷಿಸುವುದು ನಿಮಿಷಕ್ಕೆ 85 ಲೀಟರಿನ ಒಂದೇ ಸಮನಾದ ಹರಿವಿನಲ್ಲಿ. ಆ ಹರಿವಿನಲ್ಲಿ ಅವುಗಳ ಎಳೆತದ ತಡೆ 35 ಮಿಲಿಮೀಟರ್ ನೀರಿನ ಒತ್ತಡವನ್ನು ಮೀರಬಾರದೆಂಬುದು ನಿಯಮ. ಕೆಲಸ ಮಾಡುವ ಕಾರ್ಮಿಕನಿಗೆ ಇದು ಸರಿ. ಓಟಗಾರನ ಉಸಿರು ಆ ಮಿತಿಯನ್ನು ಎಂದೋ ದಾಟಿರುತ್ತದೆ.

ಈ ತಡೆಯ ವಿರುದ್ಧ ಗಾಳಿ ಎಳೆಯುವವರು ಯಾರು? ಎದೆಗೂಡಿನ ಸ್ನಾಯುಗಳು ಮತ್ತು ವಪೆ. ಅವೂ ಸ್ನಾಯುಗಳೇ, ಅವುಗಳಿಗೂ ಆಮ್ಲಜನಕ ಬೇಕು. ತೀವ್ರ ವ್ಯಾಯಾಮದಲ್ಲಿ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಉಸಿರಾಟದ ಕೆಲಸಕ್ಕೇ ಖರ್ಚಾಗುತ್ತದೆ. ಗವಸು ಕಟ್ಟಿದರೆ ಈ ಖರ್ಚು ಇನ್ನಷ್ಟು ಏರುತ್ತದೆ. ಕಾಲುಗಳ ಪಾಲಿಗೆ ಬರಬೇಕಾದ ರಕ್ತದಲ್ಲಿ ಎದೆಯ ಸ್ನಾಯುಗಳು ಪಾಲು ಕೇಳುತ್ತವೆ. ಓಟಗಾರ ಬೇಗ ಸೋಲುವುದರಲ್ಲಿ ಇದರ ಕೈವಾಡವಿದೆ. ಅವನ ರಕ್ತದಲ್ಲಿ ವಿಷವೇನೂ ತುಂಬಿರುವುದಿಲ್ಲ.

ಇದರ ಜೊತೆಗೆ ಬಿಸಿ ಮತ್ತು ಬೆವರು. ಬಿಟ್ಟ ಉಸಿರು ಬಿಸಿಯಾಗಿಯೂ ತೇವವಾಗಿಯೂ ಇರುತ್ತದೆ. ಗವಸಿನ ಒಳಗಡೆ ತುಟಿ, ಕೆನ್ನೆಗಳ ಚರ್ಮ ಕಾಯುತ್ತದೆ. ಮುಖದ ನರಗಳು ಈ ಬಿಸಿಯನ್ನು ‘ಉಸಿರುಗಟ್ಟುತ್ತಿದೆ’ ಎಂದು ಮೆದುಳಿಗೆ ದೂರು ಕೊಡುತ್ತವೆ. ಮುಖಕ್ಕೆ ತಣ್ಣನೆಯ ಗಾಳಿ ಬೀಸಿದರೆ ಏದುಸಿರು ಹಿಡಿದವನಿಗೂ ಹಾಯೆನಿಸುವುದು ಇದಕ್ಕೇ. ಬೆವರಿನಿಂದ ಗವಸು ನೆನೆದರೆ ಕಷ್ಟ ಇಮ್ಮಡಿ. ಒಂದು ಕರವಸ್ತ್ರವನ್ನು ಬಾಯಿಗೆ ಹಿಡಿದು ಊದಿ, ಗಾಳಿ ಸರಾಗವಾಗಿ ಹೋಗುತ್ತದೆ. ಅದನ್ನೇ ನೀರಿನಲ್ಲಿ ಅದ್ದಿ ಊದಿ ನೋಡಿ. ನೀರು ಮೇಲ್ಮೈ ಸೆಳೆತದಿಂದ ಬಟ್ಟೆಯ ಕಂಡಿಗಳಲ್ಲಿ ಪೊರೆಯಾಗಿ ನಿಂತು ಗಾಳಿಗೆ ಬಾಗಿಲು ಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ‘ವ್ಯಾಯಾಮ ಮಾಡುವಾಗ ಮುಖಗವಸು ಬೇಡ’ ಎಂದು ಹೇಳಿದಾಗ ಕೊಟ್ಟ ಕಾರಣ ಕೂಡ ಇದೇ: ಬೆವರಿಗೆ ಗವಸು ಬೇಗ ಒದ್ದೆಯಾಗಿ ಉಸಿರಾಟ ಕಷ್ಟವಾಗುತ್ತದೆ, ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬದಲಿಗೆ ಒಬ್ಬರಿಂದೊಬ್ಬರು ಕನಿಷ್ಠ ಒಂದು ಮೀಟರ್ ದೂರವಿರಿ ಎಂದು ಅದು ಸಲಹೆ ಮಾಡಿತು.

ಪ್ರಯೋಗಶಾಲೆಯ ಸಾಕ್ಷಿ

ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದ ವೈದ್ಯರು 2020ರಲ್ಲಿ 12 ಮಂದಿ ಆರೋಗ್ಯವಂತ ಗಂಡಸರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ ಸುಸ್ತಾಗುವವರೆಗೆ ತುಳಿಸಿದರು. ಒಮ್ಮೆ ಗವಸಿಲ್ಲದೆ, ಒಮ್ಮೆ ಶಸ್ತ್ರಚಿಕಿತ್ಸೆಯ ಗವಸು ತೊಡಿಸಿ, ಒಮ್ಮೆ ಎನ್-95ಕ್ಕೆ ಸಮನಾದ ಎಫ್‌ಎಫ್‌ಪಿ-2 ಗವಸು ತೊಡಿಸಿ. ಎಫ್‌ಎಫ್‌ಪಿ-2 ತೊಟ್ಟಾಗ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಶೇಕಡಾ 13ರಷ್ಟು ಇಳಿಯಿತು. ಸೇದುವ ಒಟ್ಟು ಗಾಳಿ ಶೇಕಡಾ 23ರಷ್ಟು ತಗ್ಗಿತು. ತುಳಿಯುವ ಶಕ್ತಿ ಮಾತ್ರ ಶೇಕಡಾ 5ರಷ್ಟೇ ಕುಂದಿತು.

ಅದೇ ವರ್ಷ ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ 14 ಮಂದಿಯನ್ನು ಹೀಗೆಯೇ ಪರೀಕ್ಷಿಸಿದರು. ಮೂರು ಪದರದ ಬಟ್ಟೆಯ ಗವಸಾಗಲಿ, ಶಸ್ತ್ರಚಿಕಿತ್ಸೆಯ ಗವಸಾಗಲಿ, ತುಳಿದ ಹೊತ್ತಿನಲ್ಲಿಯೂ ರಕ್ತದ ಆಮ್ಲಜನಕದಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಅಮೆರಿಕದಿಂದ ಮೂರನೆಯ ಸಾಕ್ಷಿ ಬಂತು. ಅಲ್ಲಿ 31 ಮಂದಿ ಯುವಕ ಯುವತಿಯರು ಬಟ್ಟೆಯ ಗವಸು ತೊಟ್ಟು ಟ್ರೆಡ್‌ಮಿಲ್ ಮೇಲೆ ಓಡಿದಾಗ ಓಟದ ಅವಧಿ ಶೇಕಡಾ 14ರಷ್ಟು, ಗರಿಷ್ಠ ಆಮ್ಲಜನಕ ಬಳಕೆ ಶೇಕಡಾ 29ರಷ್ಟು ಕುಸಿದಿದ್ದವು. ವೇಗ ಏರಿದಂತೆ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಂತಾಗುತ್ತದೆ ಎಂದು ಓಡಿದವರು ಹೇಳಿದರು.

ಒಬ್ಬರು ಹೌದು, ಒಬ್ಬರು ಅಲ್ಲ. ಯಾರನ್ನು ನಂಬುವುದು? ಸ್ವಲ್ಪ ಒಳಹೊಕ್ಕು ನೋಡಿದರೆ ಜಗಳ ಅಷ್ಟು ದೊಡ್ಡದಲ್ಲ. ಆಮ್ಲಜನಕ ಬಳಕೆ ಅಳೆಯಬೇಕಾದರೆ ಬಟ್ಟೆಯ ಗವಸಿನ ಮೇಲೆ ಯಂತ್ರದ ಇನ್ನೊಂದು ರಬ್ಬರ್ ಗವಸನ್ನು ಬಿಗಿಯಬೇಕು. ಆಗ ಒಳಗಿನ ಬಟ್ಟೆ ಮುಖಕ್ಕೆ ಒತ್ತಿಕೊಂಡು ತಡೆ ಹೆಚ್ಚುತ್ತದೆ. ಅಳೆಯುವ ಸಾಧನವೇ ಅಳತೆಯನ್ನು ಕೆಡಿಸುವ ಸಂದರ್ಭ ಇದು. ಇನ್ನೊಂದು ಮಾತು. ಆರೋಗ್ಯವಂತನ ಶ್ವಾಸಕೋಶದಲ್ಲಿ ಸಾಕಷ್ಟು ಹೆಚ್ಚುವರಿ ಶಕ್ತಿ ಇರುತ್ತದೆ. ಓಟದಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಹೃದಯವೇ ಹೊರತು ಶ್ವಾಸಕೋಶವಲ್ಲ. ಹೀಗಾಗಿ ಹಗುರ ಓಟದಲ್ಲಿ ಗವಸಿನ ತಡೆಯನ್ನು ದೇಹ ಸುಲಭವಾಗಿ ಸಹಿಸಿಕೊಳ್ಳುತ್ತದೆ. ಸಾಮರ್ಥ್ಯದ ತುತ್ತತುದಿಯಲ್ಲಿ ಓಡುವವನಿಗೆ ಮಾತ್ರ ಪೆಟ್ಟು ಬೀಳುತ್ತದೆ. ಎಲ್ಲ ಸಾಕ್ಷಿಗಳ ಒಟ್ಟು ಸಾರ ಇಷ್ಟೇ: ಆರೋಗ್ಯವಂತರಿಗೆ ಗವಸು ಕಿರಿಕಿರಿ ಕೊಡುತ್ತದೆ, ವೇಗ ಕುಂದಿಸುತ್ತದೆ, ರಕ್ತದ ಆಮ್ಲಜನಕವನ್ನು ಅಪಾಯದ ಮಟ್ಟಕ್ಕೆ ಇಳಿಸುವುದಿಲ್ಲ.

ಆ ಬಾಲಕರ ಸಾವು

ಹಾಗೆಂದು ಎದೆ ತಟ್ಟಿ ಹೇಳುವ ಮೊದಲು ಒಂದು ದುಃಖದ ಸಂಗತಿಯನ್ನು ನೆನೆಯಬೇಕು. 2020ರ ಏಪ್ರಿಲ್ ಕೊನೆಯ ಹೊತ್ತಿಗೆ ಚೀನಾದಲ್ಲಿ ಶಾಲೆಗಳು ಮತ್ತೆ ತೆರೆದವು. ಜೆಜಿಯಾಂಗ್ ಮತ್ತು ಹೆನಾನ್ ಪ್ರಾಂತಗಳಲ್ಲಿ 14 ವರ್ಷದ ಇಬ್ಬರು ಬಾಲಕರು ವ್ಯಾಯಾಮದ ತರಗತಿಯಲ್ಲಿ ಮುಖಗವಸು ತೊಟ್ಟು ಓಡುತ್ತಿದ್ದಾಗ ಕುಸಿದು ಸತ್ತರೆಂದು ವರದಿಯಾಯಿತು. ವೂಹಾನ್‌ನಲ್ಲಿ 26 ವರ್ಷದ ಯುವಕನೊಬ್ಬ ಗವಸು ಕಟ್ಟಿ ಕೆಲವು ಕಿಲೋಮೀಟರ್ ಓಡಿದ ಬಳಿಕ ಅವನ ಒಂದು ಶ್ವಾಸಕೋಶ ಕುಗ್ಗಿಹೋದ ಸುದ್ದಿಯೂ ಬಂತು. ಚೀನಾದ ಹಲವು ಕಡೆ ಶಾಲಾ ಮಕ್ಕಳ ಓಟದ ಪರೀಕ್ಷೆಗಳನ್ನು ಕೈಬಿಟ್ಟರು.

ಸಾವಿಗೆ ಗವಸೇ ಕಾರಣವೇ? ಹೌದೆಂದು ಸಿದ್ಧವಾಗಲಿಲ್ಲ. ಹೃದಯದ ಗುಪ್ತ ದೋಷವಿರುವ ಮಕ್ಕಳು ಗವಸಿಲ್ಲದೆಯೂ ಆಟದ ಬಯಲಿನಲ್ಲಿ ಹಠಾತ್ತನೆ ಕುಸಿಯುವುದುಂಟು. ಶ್ವಾಸಕೋಶ ತಾನಾಗಿಯೇ ಕುಗ್ಗುವ ಕಾಯಿಲೆ ಎತ್ತರವಾಗಿ ತೆಳ್ಳಗಿರುವ ಹುಡುಗರಲ್ಲಿ ಸುಮ್ಮನೆ ಕುಳಿತಿರುವಾಗಲೂ ಬರುತ್ತದೆ. ಆದರೆ ಇನ್ನೊಂದನ್ನೂ ಮರೆಯುವಂತಿಲ್ಲ. ಆ ಮಕ್ಕಳು ವಾರಗಟ್ಟಲೆ ಮನೆಯೊಳಗೆ ಕುಳಿತಿದ್ದವರು. ಅಭ್ಯಾಸ ತಪ್ಪಿದ ದೇಹ, ಅದರ ಮೇಲೆ ಓಟ, ಓಟದ ಮೇಲೆ ಗವಸು. ದೊಡ್ಡವನೊಬ್ಬ ಉಸಿರು ಸಿಕ್ಕಿಕೊಂಡರೆ ಗವಸು ಕಿತ್ತೆಸೆದು ಹುಲ್ಲಿನ ಮೇಲೆ ಕೂರುತ್ತಾನೆ. ಸೀಟಿ ಹಿಡಿದು ನಿಂತ ಮೇಷ್ಟರ ಮುಂದೆ ಮಗು ಹಾಗೆ ಮಾಡುತ್ತದೆಯೇ? ‘ಸಾರ್, ಆಗೋದಿಲ್ಲ’ ಎನ್ನುವ ಧೈರ್ಯ ಎಷ್ಟು ಮಕ್ಕಳಿಗಿದೆ? ಅಪಾಯ ಇರುವುದು ಬಟ್ಟೆಯಲ್ಲಿ ಅಷ್ಟಲ್ಲ; ನಿಲ್ಲಬೇಕೆನಿಸಿದಾಗ ನಿಲ್ಲಲು ಬಿಡದಿರುವುದರಲ್ಲಿ. ಮಕ್ಕಳು ಆಟ, ವ್ಯಾಯಾಮಗಳಲ್ಲಿ ತೊಡಗಿರುವಾಗ ಗವಸು ತೊಡಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಪ್ರತ್ಯೇಕವಾಗಿ ಹೇಳಿತು.

ಹೊಗೆಯ ಊರಿನಲ್ಲಿ

ಸೋಂಕಿನ ಕಾಲ ಸರಿದ ಮೇಲೆ ಉಳಿದಿರುವುದು ದೂಳಿನ ಪ್ರಶ್ನೆ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ವಾಯುಕೋಶಗಳವರೆಗೂ ಇಳಿಯುತ್ತವೆ. ಇವುಗಳ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದೆಂಬುದು ಭಾರತದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕೇವಲ 5. ದಿಲ್ಲಿಗೆ ಹೋಲಿಸಿ ಬೆಂಗಳೂರಿನವರು ಬೆನ್ನು ತಟ್ಟಿಕೊಳ್ಳುವುದುಂಟು. ಎರಡನೆಯ ಅಳತೆಗೋಲು ಹಿಡಿದರೆ ನಮ್ಮ ಉದ್ಯಾನನಗರಿಯೂ ಪಾಸಾಗುವುದಿಲ್ಲ. ಓಡುವವನು ಕುಳಿತವನಿಗಿಂತ ಹತ್ತಾರು ಪಟ್ಟು ಗಾಳಿ ಸೇದುತ್ತಾನೆ, ಅದೂ ಮೂಗಿನ ಕೂದಲಿನ ಕಾವಲು ತಪ್ಪಿಸಿ ಬಾಯಿಯಿಂದ. ಆರೋಗ್ಯಕ್ಕೆಂದು ಓಡಿ ದೂಳನ್ನು ದುಪ್ಪಟ್ಟು ತುಂಬಿಕೊಂಡು ಬಂದಂತಾಗುತ್ತದೆ.

ಇಲ್ಲಿ ಗವಸು ನೆರವಾಗುವುದೇ? ಕರವಸ್ತ್ರ ಅಥವಾ ಸಾದಾ ಬಟ್ಟೆಯ ಗವಸಿನಿಂದ ಈ ಸಣ್ಣ ಕಣಗಳಿಗೆ ಹೆಚ್ಚಿನ ಅಡ್ಡಿಯಿಲ್ಲ. ಮುಖಕ್ಕೆ ಸರಿಯಾಗಿ ಕೂತ ಎನ್-95 ಕಣಗಳನ್ನು ತಡೆಯುತ್ತದೆ. ಆದರೆ ವಾಹನಗಳು ಉಗುಳುವ ಕಾರ್ಬನ್ ಮಾನಾಕ್ಸೈಡ್, ನೈಟ್ರೊಜನ್ ಡೈ ಆಕ್ಸೈಡ್ ಅನಿಲಗಳು ಅದರೊಳಗಿಂದ ಸಲೀಸಾಗಿ ನುಗ್ಗುತ್ತವೆ. ಸಡಿಲವಾಗಿ ಕಟ್ಟಿದರೆ ಗಾಳಿ ಅಂಚುಗಳ ಸಂದಿಯಿಂದಲೇ ನುಸುಳುತ್ತದೆ. ಬಿಗಿಯಾಗಿ ಕಟ್ಟಿದರೆ ಓಡುವುದು ಕಷ್ಟ. ಆದ್ದರಿಂದ ಜಾಗ ಬದಲಿಸುವುದು ಗವಸಿಗಿಂತ ದೊಡ್ಡ ಮದ್ದು. ಮುಖ್ಯರಸ್ತೆಯಿಂದ ದೂರ ಸರಿದಷ್ಟೂ ಹೊಗೆ ತೆಳುವಾಗುತ್ತದೆ. ಚಳಿಗಾಲದ ಮುಂಜಾವದಲ್ಲಿ ನೆಲದ ಬಳಿ ತಣ್ಣನೆಯ ಗಾಳಿ ನಿಂತು ಹೊಗೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ, ಬಿಸಿಲೇರುವವರೆಗೆ ಕಾಯುವುದು ಜಾಣತನ. ಗಾಳಿ ತೀರಾ ಕೆಟ್ಟ ದಿನ ಓಟಕ್ಕೆ ರಜೆ ಹಾಕಿ ಮನೆಯೊಳಗೇ ಬಸ್ಕಿ ಹೊಡೆದರೂ ನಷ್ಟವಿಲ್ಲ.

ದುಡ್ಡು ಕೊಟ್ಟು ಏದುಸಿರು

ಇದರ ನಡುವೆ ಇನ್ನೊಂದು ಮೋಜು. ‘ಬೆಟ್ಟದ ಮೇಲೆ ಅಭ್ಯಾಸ ಮಾಡಿದ ಫಲ ಸಿಗುತ್ತದೆ’ ಎಂದು ಹೇಳಿ ಉಸಿರಿಗೆ ಬೇಕೆಂದೇ ತಡೆಯೊಡ್ಡುವ ರಬ್ಬರಿನ ಗವಸುಗಳನ್ನು ಮಾರುತ್ತಾರೆ. ಎತ್ತರದ ಪ್ರದೇಶದಲ್ಲಿ ಗಾಳಿಯ ಒತ್ತಡವೇ ಕಡಿಮೆ, ಅದಕ್ಕಾಗಿ ದೇಹ ಕ್ರಮೇಣ ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಈ ಗವಸು ಗಾಳಿಯ ಒತ್ತಡವನ್ನು ಬದಲಿಸುವುದಿಲ್ಲ, ಬಾಗಿಲನ್ನಷ್ಟೇ ಕಿರಿದು ಮಾಡುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಕೇಂದ್ರದಲ್ಲಿ 24 ಮಂದಿಗೆ ಆರು ವಾರ ತರಬೇತಿ ಕೊಟ್ಟು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಗವಸು ತೊಟ್ಟವರ ಗುಂಪಿಗೂ ತೊಡದವರ ಗುಂಪಿಗೂ ಗರಿಷ್ಠ ಆಮ್ಲಜನಕ ಬಳಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಿಮೋಗ್ಲೋಬಿನ್ನೂ ಹೆಚ್ಚಲಿಲ್ಲ.

ಯಾರು ಜೋಕೆ?

ಉಬ್ಬಸ, ಹೃದ್ರೋಗ, ಶ್ವಾಸಕೋಶದ ಹಳೆಯ ಕಾಯಿಲೆ, ತೀವ್ರ ರಕ್ತಹೀನತೆ ಇರುವವರು ವೈದ್ಯರನ್ನು ಕೇಳದೆ ಗವಸು ತೊಟ್ಟು ಓಡುವುದು ಸಲ್ಲ. ಅವರಲ್ಲಿ ಆ ಹೆಚ್ಚುವರಿ ಶಕ್ತಿಯ ಉಳಿತಾಯವೇ ಇರುವುದಿಲ್ಲ. ಒಂದು ಅಪವಾದ ಉಂಟು. ಕೊರೆಯುವ ಚಳಿಯಲ್ಲಿ ಓಡಿದರೆ ಉಬ್ಬಸ ಕೆರಳುವ ಕೆಲವರಿಗೆ, ಮೂಗು ಬಾಯಿಗೆ ಸುತ್ತಿದ ಬಟ್ಟೆ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ ಉಪಕಾರವನ್ನೇ ಮಾಡುತ್ತದೆ.

ಆರೋಗ್ಯವಂತರು ತೊಡಲೇಬೇಕಾಗಿ ಬಂದರೆ ಕೆಲವು ಮಾತು ನೆನಪಿಡಬೇಕು. ಎಂದಿನ ವೇಗ ಬೇಡ. ಪಕ್ಕದವರೊಡನೆ ಮಾತಾಡುತ್ತ ಓಡುವಷ್ಟು ಉಸಿರು ಉಳಿದಿರಲಿ. ಜೇಬಿನಲ್ಲಿ ಇನ್ನೊಂದು ಒಣ ಗವಸು ಇರಲಿ, ಒದ್ದೆಯಾದೊಡನೆ ಬದಲಿಸಿ. ಉಸಿರು ಬಿಡಲು ಕವಾಟವಿರುವ ಗವಸು ದೂಳಿಗೆ ಒಳ್ಳೆಯದು, ಒಳಗೆ ಬಿಸಿ ಕಡಿಮೆ. ಆದರೆ ನಿಮಗೆ ನೆಗಡಿ ಕೆಮ್ಮು ಇದ್ದರೆ ಅದು ಇತರರನ್ನು ಕಾಪಾಡುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಕೈ ಅಲುಗಾಡುವಾಗ ತಪ್ಪು ತೋರಿಸುತ್ತದೆ, ಓಡುತ್ತ ಅದನ್ನು ನೋಡಿ ಗಾಬರಿಯಾಗಬೇಡಿ. ತಲೆ ಸುತ್ತಿದರೆ, ಎದೆ ನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಮಾತ್ರ ಅಳತೆ ಲೆಕ್ಕ ಯಾವುದೂ ಬೇಡ. ಮೊದಲು ನಿಲ್ಲಿ, ಗವಸು ತೆಗೆಯಿರಿ, ಕುಳಿತುಕೊಳ್ಳಿ. ಎದೆ ನೋವು ನಿಲ್ಲದಿದ್ದರೆ ಆಸ್ಪತ್ರೆಗೆ ನಡೆಯಿರಿ.

ಶಾಲೆಯ ಬಯಲಿನಲ್ಲಿ ಮಕ್ಕಳನ್ನು ಓಡಿಸುವ ಮೇಷ್ಟರುಗಳೂ ತಾಯಿ ತಂದೆಯರೂ ನೆನಪಿಡಬೇಕಾದ್ದು ಇನ್ನೂ ಚಿಕ್ಕದು. ಮುಂದೆ ಯಾವ ಸೋಂಕು, ಯಾವ ಹೊಗೆ ಬಂದು ಮತ್ತೆ ಎಲ್ಲರ ಮೂಗನ್ನು ಮುಚ್ಚಿಸುತ್ತದೋ ಹೇಳಲಾಗದು. ಆ ದಿನ ಬಂದರೆ ತರಗತಿಯಲ್ಲಿ ಗವಸು ಇರಲಿ. ಬಯಲಿನಲ್ಲಿ ಓಟವಿದ್ದರೆ ಗವಸು ಬೇಡ, ಗವಸು ಬೇಕೇಬೇಕಾದರೆ ಆ ಹೊತ್ತು ಓಟ ಬೇಡ. ಓಟವನ್ನು ನಾಳೆಯೂ ಓಡಬಹುದು.